ಭೀಮೆಯಿಂದ ಕಾವೇರಿಗೆ, ದಸರೆಯ ದಾರಿಯಲ್ಲಿ

ಬ್ಯಾಂಕಿನ ಕೆಲಸಕ್ಕೆಂದು ಕಲಬುರಗಿ ಸೇರಿ ನಾಲ್ಕು ವರ್ಷಗಳಾದರೂ ದಸರೆಗೆ ಮೈಸೂರಿನ ಮನೆಗೆ ಬರುವುದನ್ನು ನಾನು ಒಮ್ಮೆಯೂ ತಪ್ಪಿಸಿಲ್ಲ. ಆದರೆ ಪ್ರತಿ ಸಲವೂ ರಾತ್ರಿ ರೈಲಿನಲ್ಲಿ ಮಲಗಿ ಬರುತ್ತಿದ್ದುದರಿಂದ ನಡುವಿನ ನಾಡೆಲ್ಲ ಕತ್ತಲಲ್ಲೇ ಕಳೆದುಹೋಗುತ್ತಿತ್ತು. ಜೇವರ್ಗಿಯಲ್ಲಿ ಹೊರಟು ಮೈಸೂರನ್ನು ಹಾದು ಚಾಮರಾಜನಗರ ಮುಟ್ಟುವ 150ಎ ಹೆದ್ದಾರಿಯನ್ನು ಹಗಲಿನಲ್ಲಿ ನೋಡಲೇಬೇಕೆನ್ನಿಸಿ, ಈ ಬಾರಿ ದುರ್ಗಾಷ್ಟಮಿಯ ಬೆಳಗಿನ ಜಾವ ಒಬ್ಬಳೇ ಕಾರು ಹತ್ತಿದೆ. ಸುಮಾರು 600 ಕಿಲೋಮೀಟರಿನ ದಾರಿ. ಮನೆಯ ಒಡತಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನ ಜೊತೆಗೆ ತಮ್ಮ ಹೊಲದ ಬನ್ನಿ ಎಲೆಗಳನ್ನೂ ಕಟ್ಟಿಕೊಟ್ಟು, "ಒಬ್ಬಾಕಿನೇ ಹೊಂಟೀರಿ, ಮುಟ್ಟಿದ ಕೂಡಲೇ ಫೋನ್ ಹಚ್ರಿ. ಅಲ್ಲಿ ಎಲ್ಲಾರಿಗೂ ಬಂಗಾರ ಕೊಡ್ರಿ" ಎಂದರು.

ಮೊದಲ ದಿನ ಮೂರು ನದಿಗಳನ್ನು ದಾಟಿದೆ. ಜೇವರ್ಗಿಗೆ ಮುಂಚೆ ಭೀಮೆ, ತಿಂಥಣಿಯಲ್ಲಿ ಕೃಷ್ಣೆ, ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವಲ್ಲಿ ತುಂಗಭದ್ರೆ. ಕಪ್ಪು ಮಣ್ಣಿನ ತೊಗರಿ ಹೊಲಗಳು ಮುಗಿದು, ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಇದ್ದಕ್ಕಿದ್ದಂತೆ ಎದುರಾದಾಗ, ಒಂದೇ ರಾಜ್ಯದಲ್ಲಿದ್ದೇನೆಂಬುದು ಕ್ಷಣಕಾಲ ಮರೆತುಹೋಗುತ್ತದೆ. ಮಸ್ಕಿಯಲ್ಲಿ ಇಳಿದು, 1915ರಲ್ಲಿ ಸಿಕ್ಕ ಅಶೋಕನ ಶಿಲಾಶಾಸನವನ್ನು ನೋಡಿದೆ. ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಅಶೋಕನೇ ಎಂಬುದನ್ನು ಅವನ ಹೆಸರು ಹೇಳಿ ಖಚಿತಪಡಿಸಿದ ಕಲ್ಲು ಅದು.

ತುಂಗಭದ್ರೆಯ ಸೇತುವೆ ದಾಟಿ ಕಾರು ನಿಲ್ಲಿಸಿ ಬಹಳ ಹೊತ್ತು ನಿಂತೆ. ಇದೇ ನದಿಯ ಮೇಲ್ದಂಡೆಯಲ್ಲಿ, ಹಂಪೆಯಲ್ಲಿ, ವಿಜಯನಗರದ ಅರಸರು ನವರಾತ್ರಿ ನಡೆಸಿದ ಮಹಾನವಮಿ ದಿಬ್ಬವಿದೆ. ಆ ಸಾಮ್ರಾಜ್ಯ ಬಿದ್ದ ಮೇಲೆ 1610ರಲ್ಲಿ ರಾಜ ಒಡೆಯರು ಅದೇ ಹಬ್ಬವನ್ನು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದರು, ಅಲ್ಲಿಂದ ಅದು ಮೈಸೂರಿಗೆ ಬಂತು. ನಾನು ಹುಟ್ಟಿದಾಗಿನಿಂದ ನಮ್ಮೂರಿನದೆಂದೇ ತಿಳಿದಿದ್ದ ದಸರೆಯೂ ಹೀಗೆ ತುಂಗಭದ್ರೆಯಿಂದ ಕಾವೇರಿಗೆ ಪ್ರಯಾಣ ಮಾಡಿಯೇ ಬಂದದ್ದೆಂಬುದು, ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ, ಆ ದಂಡೆಯ ಮೇಲೆ ನಿಂತಾಗಲೇ ನನ್ನ ಮನಸ್ಸಿಗೆ ಇಳಿದದ್ದು.

ರಾತ್ರಿ ಬಳ್ಳಾರಿಯಲ್ಲಿ ತಂಗಿದ್ದು ಬೆಳಿಗ್ಗೆ ಹೊರಟೆ. ಅಂದು ಆಯುಧಪೂಜೆ. ಚಳ್ಳಕೆರೆ, ಹಿರಿಯೂರು ಕಳೆದು ಹುಳಿಯಾರು ಹತ್ತಿರವಾದಾಗ ಹಿಂದಿನ ಎಡಚಕ್ರದ ಗಾಳಿ ಇಳಿಯುತ್ತಿರುವುದು ತಿಳಿದು, ರಸ್ತೆ ಬದಿಯ ಪಂಚರ್ ಅಂಗಡಿಯವರೆಗೆ ಮೆಲ್ಲನೆ ಉರುಳಿಸಿಕೊಂಡು ಬಂದೆ. ಅಲ್ಲಿ ಜಾಕಿ, ಸ್ಪ್ಯಾನರು, ಲಿವರುಗಳೆಲ್ಲ ತೊಳೆಸಿಕೊಂಡು, ವಿಭೂತಿ ಕುಂಕುಮ ಹಚ್ಚಿಸಿಕೊಂಡು ಬಾಳೆಯೆಲೆಯ ಮೇಲೆ ಸಾಲಾಗಿ ಮಲಗಿದ್ದವು. ಗಾಳಿ ತುಂಬುವ ಟ್ಯಾಂಕಿಗೂ ಚೆಂಡುಹೂವಿನ ಹಾರ. ಅಂಗಡಿಯ ಹುಡುಗ ನನ್ನ ಚಕ್ರವನ್ನೂ ಎಲೆಯನ್ನೂ ನೋಡಿ, "ಪೂಜೆಗೆ ಇಟ್ಬಿಟ್ಟಿದೀನಲ್ಲಕ್ಕ, ಮಂಗಳಾರತಿ ಆಗ್ಲಿ, ಒಂದ್ ಚಣ ಕೂತ್ಕಳಿ" ಎಂದ. ನಾನು ಕೂತೆ. ಅವನ ತಾಯಿ ಕಡ್ಲೆಪುರಿ, ಬೆಂಡು ಬತ್ತಾಸು ಕೊಟ್ಟರು. ಆರತಿಯಾಗಿ, ಕುಂಕುಮ ತುಂಬಿದ ಬೂದುಗುಂಬಳ ಒಡೆದ ಮೇಲೆ, ಅವನು ಲಿವರಿಗೆ ಕೈಮುಗಿದು ಅದನ್ನು ಎತ್ತಿಕೊಂಡ. ಸೋಪಿನ ನೀರು ಸವರಿದ ಜಾಗದಲ್ಲಿ ಗುಳ್ಳೆ ಎದ್ದಿತು, ಮೊಳೆ ಸಿಕ್ಕಿತು. ಹಣ ಕೊಟ್ಟಾಗ ಬೋಣಿಯೆಂದು ಕಣ್ಣಿಗೊತ್ತಿಕೊಂಡ. ಆದರೆ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ನನ್ನ ಕಾರಿಗೂ ಹೂವು ಮುಡಿಸದೆ ಅವನು ನನ್ನನ್ನು ಬಿಡಲಿಲ್ಲ. ದಾರಿಯುದ್ದಕ್ಕೂ ಒಬ್ಬಳೇ ಇದ್ದೇನೆಂಬ ಅಳುಕು ನನ್ನಲ್ಲಿ ಇತ್ತೆಂಬುದು, ಅದು ಹೋದಾಗ ಗೊತ್ತಾಯಿತು.

ತುರುವೇಕೆರೆಯ ತೆಂಗಿನ ತೋಟಗಳು ಕಳೆದು ನಾಗಮಂಗಲ ಸೇರುವ ಹೊತ್ತಿಗೆ "ಎಲ್ಲಿಗಿ ಹೊಂಟೀರಿ" ಎಂಬ ಪ್ರಶ್ನೆ "ಎಲ್ಲಿಗೆ ಹೊಯ್ತಿದ್ದೀರವ್ವ" ಎಂದಾಗಿತ್ತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಸಂಜೆಗೆಂಪು. ಬೆಂಗಳೂರಿನಿಂದ ಎರಡು ಗಂಟೆಯೊಳಗೆ ಹಾರಿ ಬರುವವರಿಗೂ ಮೈಸೂರು ಅದೇ ಮೈಸೂರು; ಆದರೆ ಎರಡು ದಿನದ ಧೂಳು ಮೈಗೆ ಹತ್ತಿಸಿಕೊಂಡು ಬಂದವಳ ಕಣ್ಣಿಗೆ ಅಂದಿನ ದೀಪಗಳು ಬೇರೆಯೇ ಆಗಿದ್ದವು. ಕಾರನ್ನು ಮನೆಯಲ್ಲಿ ಬಿಟ್ಟು, ಅಮ್ಮನ ಕೈಯ ಕಾಫಿ ಕುಡಿದು, ಕಲಬುರಗಿಗೆ ಫೋನ್ ಮಾಡಿ, ನಡೆದೇ ಹೊರಟೆ. ಒಂದು ಲಕ್ಷದಷ್ಟು ಬಲ್ಬುಗಳಲ್ಲಿ ಅರಮನೆ ಹೊತ್ತಿಕೊಂಡಿತ್ತು, ವೃತ್ತ ವೃತ್ತದಲ್ಲೂ ದೀಪದ ತೋರಣ, ತೆರೆದ ಅಂಬಾರಿ ಬಸ್ಸಿನ ಮೇಲೆ ಕುಣಿಯುವ ಹುಡುಗ ಹುಡುಗಿಯರು, ಆಹಾರ ಮೇಳದಲ್ಲಿ ಬಂಬೂ ಬಿರಿಯಾನಿಗೆ ನಿಂತ ಸಾಲು. ಮಧ್ಯರಾತ್ರಿ ಕಳೆದರೂ ದೇವರಾಜ ಮಾರುಕಟ್ಟೆಯ ಸುತ್ತ ಚುರುಮುರಿಯವರು ಈರುಳ್ಳಿ ಹೆಚ್ಚುತ್ತಲೇ ಇದ್ದರು.

ವಿಜಯದಶಮಿಯಂದು ಸಯ್ಯಾಜಿರಾವ್ ರಸ್ತೆಯ ಪಕ್ಕ, ಬೆಳಗಿನಿಂದಲೇ ಪೇಪರು ಹಾಸಿ ಜಾಗ ಹಿಡಿದಿದ್ದ ಅಜ್ಜಿಯೊಬ್ಬರ ಬಳಿ ಕುಳಿತು ಜಂಬೂಸವಾರಿ ನೋಡಿದೆ. 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಬನ್ನಿಮಂಟಪದ ಕಡೆಗೆ ದಾಟಿಹೋದ ಮೇಲೆ, ಚೀಲದಿಂದ ಬನ್ನಿ ತೆಗೆದು ಅವರ ಕೈಗಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ" ಎಂದೆ. ಒಣಗಿ ಮುದುರಿದ್ದ ಆ ಎಲೆಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿ, "ಯಾವೂರಿಂದ ತಂದ್ಯವ್ವ ಇದ" ಎಂದು ಕೇಳಿ, ಮಲ್ಲಿಗೆಯ ಪಕ್ಕದಲ್ಲಿ ತುರುಬಿಗೆ ಸಿಕ್ಕಿಸಿಕೊಂಡರು.