ಮಗಳ ಡೈರಿಯನ್ನು ತಾಯಿ ಓದಬಹುದೆ?

ಪಾಲಕರ ಸಭೆ ಮುಗಿದ ಮೇಲೆ, ಮದುವೆಯ ಊಟದ ಪಂಕ್ತಿಯಲ್ಲಿ, ಸಂಕ್ರಾಂತಿಗೆ ನಡೆಯುವ ನಮ್ಮ ಸಿದ್ಧೇಶ್ವರ ಜಾತ್ರೆಯ ಜಂಗುಳಿಯಲ್ಲಿ ಕೂಡ ತಾಯಂದಿರು ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಒಂದಿದೆ. "ಅಕ್ಕೋರೇ, ನಮ್ಮ ಹುಡುಗಿ ಯಾವಾಗ ನೋಡಿದರೂ ಕಥೆ ಪುಸ್ತಕ ಹಿಡಿದು ಕೂತಿರುತ್ತಾಳೆ. ರಾತ್ರಿ ಡೈರಿ ಬೇರೆ ಬರೆಯುತ್ತಾಳೆ. ಬರೆಯಲಿ, ಬೇಡ ಅನ್ನುವುದಿಲ್ಲ. ಆದರೆ ಏನು ಬರೆದಿದ್ದಾಳೆ ಎಂದು ನಾನು ಒಮ್ಮೆ ತೆಗೆದು ನೋಡಬಹುದಲ್ಲವೇ?"

ವಿಜಯಪುರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಹಾಗಾಗಿ ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲೇಬೇಕು ಎಂದು ಅವರು ತಿಳಿದಿರುತ್ತಾರೆ. ಉತ್ತರ ಇದೆ: ನೋಡಬೇಡಿ. ಅವಳಾಗಿಯೇ ತಂದು ಕೈಗೆ ಕೊಟ್ಟರೆ ಎಲ್ಲ ಕೆಲಸ ಬಿಟ್ಟು ಓದಿ. ಕೊಡದಿದ್ದರೆ ಮುಟ್ಟಬೇಡಿ. ತಾನು ಬರೆದದ್ದನ್ನು ಯಾರು ಓದಬೇಕು ಎಂದು ಆರಿಸುವ ಹಕ್ಕು ಬರೆಯುವ ಮಗುವಿನದು. ಆ ಹಕ್ಕು ಹೋದ ದಿನ ಬರವಣಿಗೆಯೂ ಹೋಗುತ್ತದೆ. ಪುಟಗಳು ತುಂಬುತ್ತಿರಬಹುದು, ಆದರೆ ಅದು ಶಾಲೆಯ ಪ್ರಬಂಧ ಮಾತ್ರ.

ಪ್ರಬಂಧವೆಂದರೆ ಏನಾಗುತ್ತದೆ ಎಂಬುದನ್ನು ನಾನು ದಿನವೂ ನೋಡುತ್ತೇನೆ. ಎಳ್ಳಮಾವಾಸ್ಯೆಯ ಮೇಲೆ ಬರೆಯಿರಿ ಎಂದು ಎಂಟನೆಯ ತರಗತಿಗೆ ಹೇಳಿದರೆ ಇಡೀ ತರಗತಿ ಒಂದೇ ವಾಕ್ಯದಿಂದ ಶುರು ಮಾಡುತ್ತದೆ: "ಎಳ್ಳಮಾವಾಸ್ಯೆಯು ಉತ್ತರ ಕರ್ನಾಟಕದ ರೈತರ ಪ್ರಮುಖ ಹಬ್ಬವಾಗಿದೆ." ಅದರ ಹಿಂದೆಯೇ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿಗಳ ಪಟ್ಟಿ ಬರುತ್ತದೆ. ತಪ್ಪಿಲ್ಲ, ಅಂಕವನ್ನೂ ಕೊಡುತ್ತೇನೆ. ಅದೇ ತರಗತಿಯ ಒಬ್ಬ ಹುಡುಗಿ ಅದೇ ಹಬ್ಬದ ರಾತ್ರಿ ತನ್ನ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಆಮೇಲೊಂದು ದಿನ ತಾನಾಗಿ ತಂದು ತೋರಿಸಿದಳು: "ಅಜ್ಜ ಚರಗ ಚೆಲ್ಲುತ್ತ ಹೋದರು. ಹಿಂದೆ ನೋಡಬಾರದು ಎಂದರು. ನಾನು ನೋಡಿದೆ. ಕಾಗೆ ಕಡಬು ತಿಂದಿತು, ಬದನೆಕಾಯಿ ಬಿಟ್ಟಿತು. ಅಜ್ಜನಿಗೆ ಹೇಳಲಿಲ್ಲ."

ಚರಗವೆಂದರೆ ಹೊಲದ ದೇವರಿಗೆ, ಭೂಮಿತಾಯಿಗೆ ಎಂದು ಬೆಳೆದ ಜೋಳದ ನಡುವೆ ನೈವೇದ್ಯ ಚೆಲ್ಲುವುದು. ಅದರ ಮೇಲೆ ಬಂದ ಎಷ್ಟೋ ಲೇಖನಗಳನ್ನು ಓದಿದ್ದೇನೆ. ಬದನೆಕಾಯಿ ಬಿಟ್ಟ ಕಾಗೆಯನ್ನು ಅವುಗಳಲ್ಲಿ ಕಂಡಿಲ್ಲ. "ಅಜ್ಜನಿಗೆ ಹೇಳಲಿಲ್ಲ" ಎಂಬ ಕೊನೆಯ ಸಾಲನ್ನಂತೂ, ಮನೆಯವರು ಡೈರಿ ತೆರೆದು ನೋಡುತ್ತಾರೆಂದು ಗೊತ್ತಿದ್ದರೆ, ಆ ಹುಡುಗಿ ಬರೆಯುತ್ತಲೇ ಇರಲಿಲ್ಲ. (ಇಲ್ಲಿ ನಾನು ಹೇಳುತ್ತಿರುವ ಸಾಲುಗಳೆಲ್ಲ ಮಕ್ಕಳು ತಾವೇ ತೋರಿಸಿದವು. ಹೇಳಲು ಅವರ ಒಪ್ಪಿಗೆ ಕೇಳಿದ್ದೇನೆ.)

"ತಪ್ಪು ತಿದ್ದುವುದಕ್ಕಾದರೂ ನೋಡಬೇಡವೇ?" ಇದು ಎರಡನೆಯ ಪ್ರಶ್ನೆ, ಹೆಚ್ಚಾಗಿ ಅಪ್ಪಂದಿರದು. ಬೇಡ. ದೀರ್ಘ, ಒತ್ತಕ್ಷರ, ಮಹಾಪ್ರಾಣಗಳನ್ನು ತಿದ್ದಲು ಶಾಲೆಯಲ್ಲಿ ನಾವಿದ್ದೇವೆ, ನಮ್ಮ ಕೆಂಪು ಪೆನ್ನು ಇದೆ. ನಮಗಿಂತ ಚೆನ್ನಾಗಿ ತಿದ್ದುವವು ಪುಸ್ತಕಗಳು. ‘ಕಷ್ಟ’ ಎಂಬುದನ್ನು ಅಚ್ಚಿನಲ್ಲಿ ಮತ್ತೆ ಮತ್ತೆ ಕಂಡ ಮಗು ಅದನ್ನು ಯಾರೂ ಹೇಳಿಕೊಡದೆ ಸರಿಯಾಗಿ ಬರೆಯುವುದನ್ನು ನಾನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಡೈರಿಯಲ್ಲಿ ಮನೆಯ ಮಾತು ಬಂದರೂ ಬರಲಿ. ನಮ್ಮ ಜಿಲ್ಲೆಯ ಮಕ್ಕಳು ಮನೆಯಲ್ಲಿ ಒಂದು ಕನ್ನಡ ಆಡುತ್ತಾರೆ, ಪಠ್ಯದಲ್ಲಿ ಇನ್ನೊಂದು ಕನ್ನಡ ಓದುತ್ತಾರೆ. ಹಲವರ ಮನೆಮಾತು ಲಂಬಾಣಿ, ಉರ್ದು ಅಥವಾ ಮರಾಠಿ. ತಾಯಿಯ ಬೈಗುಳವನ್ನು ತಾಯಿಯ ಮಾತಿನಲ್ಲೇ ಬರೆದುಕೊಂಡರೆ ಅದು ಅವರಿಗೆ ನಿಜವಾಗಿ ಕೇಳಿಸುತ್ತದೆ.

ಲಂಬಾಣಿ ಎಂದ ಕೂಡಲೇ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗ ನೆನಪಾಗುತ್ತಾನೆ. ದೀಪಾವಳಿಯ ಹೊತ್ತಿಗೆ ಅವನ ತಂದೆತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದರು. ನಮ್ಮ ಭಾಗದ ಎಷ್ಟೋ ಕುಟುಂಬಗಳಂತೆ ಗುಳೆ. ಕಾರ್ಖಾನೆ ನುರಿಸುವುದನ್ನು ನಿಲ್ಲಿಸಿದ ಮೇಲೆಯೇ ಅವರು ಮರಳುವುದು. ಹುಡುಗ ಅಜ್ಜಿಯ ಜೊತೆ ಉಳಿಯುತ್ತಿದ್ದ. ಅವನ ಗಣಿತದ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದರೆ ಪುಟ ತುಂಬ ಸಣ್ಣ ಸಣ್ಣ ಸಾಲುಗಳು. "ಆಡು ಮರಿ ಹಾಕಿತು. ಎರಡು. ಒಂದು ಕರಿ." "ಬೋರಿನಲ್ಲಿ ನೀರು ಬರಲಿಲ್ಲ." "ಅಜ್ಜಿ ಇಂದು ಯಾರ ಜೊತೆಯೂ ಮಾತನಾಡಲಿಲ್ಲ." ಈ ಸಾಲುಗಳ ಪಕ್ಕದಲ್ಲಿ ಒಂದೊಂದು ಚುಕ್ಕೆ ಇತ್ತು. ಕೇಳಿದ್ದಕ್ಕೆ, ಅವ್ವನಿಗೆ ಹೇಳಬೇಕಾದವುಗಳಿಗೆ ಚುಕ್ಕೆ ಇಡುತ್ತೇನೆ ಎಂದ. ಅವ್ವನಿಗೆ ಓದಲು ಬರುವುದಿಲ್ಲ. ಊರಿಗೆ ಬಂದ ಮೇಲೆ ರಾತ್ರಿ ಅವಳ ಪಕ್ಕದಲ್ಲಿ ಕೂತು, ಕನ್ನಡದಲ್ಲಿ ಬರೆದದ್ದನ್ನು ಲಂಬಾಣಿಯಲ್ಲಿ ಓದಿ ಹೇಳುತ್ತಾನೆ. ಫೋನಿನಲ್ಲಿಯೇ ಹೇಳಬಹುದಲ್ಲ ಎಂದೆ. "ಫೋನಿನಲ್ಲಿ ಅವ್ವ ಉಂಡೆಯಾ ಎಂದು ಕೇಳುತ್ತಾಳೆ, ಅಷ್ಟರಲ್ಲಿ ಅವಳನ್ನು ಯಾರೋ ಕರೆಯುತ್ತಾರೆ" ಎಂದ.

ಚುಕ್ಕೆ ಇಲ್ಲದ ಸಾಲುಗಳೂ ಇದ್ದವು. ಅವು ಯಾರಿಗೆ ಎಂದು ನಾನು ಕೇಳಲಿಲ್ಲ. ತನ್ನ ಓದುಗರನ್ನು ಇಷ್ಟು ಸ್ಪಷ್ಟವಾಗಿ ಆರಿಸಿಕೊಂಡ ಆ ಹುಡುಗನಿಗೆ ಬರವಣಿಗೆಯ ಬಗ್ಗೆ ನಾನು ಕಲಿಸುವುದು ಹೆಚ್ಚೇನೂ ಇರಲಿಲ್ಲ. ವ್ಯಾಕರಣ ಕಲಿಸಿದೆ.

ಮಗುವಿನ ಡೈರಿ ಎಂದರೆ ಜಗತ್ತಿಗೆಲ್ಲ ನೆನಪಾಗುವುದು ಯಹೂದಿ ಹುಡುಗಿ ಆನ್ ಫ್ರಾಂಕ್. 1942ರ ಜೂನ್ 12ರಂದು, ಹದಿಮೂರನೆಯ ಹುಟ್ಟುಹಬ್ಬಕ್ಕೆ ಸಿಕ್ಕ ಪುಸ್ತಕ ಅದು. ಮುಂದಿನ ತಿಂಗಳೇ ಅವಳ ಕುಟುಂಬ ನಾಜಿಗಳಿಂದ ತಪ್ಪಿಸಿಕೊಳ್ಳಲು ಆಮ್‌ಸ್ಟರ್‌ಡ್ಯಾಮಿನ ಒಂದು ಕಟ್ಟಡದ ಹಿಂಭಾಗದಲ್ಲಿ ಅಡಗಿತು. ಎರಡು ವರ್ಷ ಎಂಟು ಜನ ಕೆಲವೇ ಕೋಣೆಗಳಲ್ಲಿ ಬದುಕಿದರು. ಆ ಇಕ್ಕಟ್ಟಿನಲ್ಲಿ ಡೈರಿ ಅವಳ ತಂದೆಯ ಚರ್ಮದ ಚೀಲದಲ್ಲಿ, ಅವರ ಹಾಸಿಗೆಯ ಪಕ್ಕದಲ್ಲಿಯೇ ಇರುತ್ತಿತ್ತು. ಓದುವುದಿಲ್ಲ ಎಂದು ಅವರು ಮಗಳಿಗೆ ಮಾತು ಕೊಟ್ಟಿದ್ದರು, ಓದಲಿಲ್ಲ. ಯುದ್ಧ ಮುಗಿದು, ನಾಜಿಗಳ ಸೆರೆಗೆ ಸಿಕ್ಕಿದ್ದ ಮಗಳು ಮರಳುವುದಿಲ್ಲ ಎಂದು ಖಚಿತವಾದ ಮೇಲೆ ಅದು ಅವರ ಕೈಗೆ ಬಂತು. ಆಗ ಓದಿ, ನನ್ನ ಮಗಳ ಒಳಗೆ ಇಷ್ಟಿತ್ತು ಎಂದು ನನಗೆ ತಿಳಿದಿರಲಿಲ್ಲ ಎಂಬ ಅರ್ಥದ ಮಾತನ್ನು ಹೇಳಿದರು. 1947ರಲ್ಲಿ ಅದು ಪುಸ್ತಕವಾಯಿತು. ಕೈಗೆಟಕುವ ದೂರದಲ್ಲಿದ್ದ ಪುಸ್ತಕವನ್ನು ಮುಟ್ಟದೆ ಬಿಟ್ಟ ಆ ತಂದೆಯನ್ನು ನಾನು ತುಂಬಾ ಗೌರವಿಸುತ್ತೇನೆ. ಅವರು ದಿನವೂ ತೆರೆದು ನೋಡಿದ್ದರೆ ಜಗತ್ತಿಗೆ ಆ ಡೈರಿ ಸಿಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಕಾಲ ಕೆಟ್ಟಿದೆ, ಮಗುವಿಗೆ ಏನಾದರೂ ಆಗಿದ್ದರೆ ತಿಳಿಯುವುದು ಹೇಗೆ ಎನ್ನುತ್ತಾರೆ. ಈ ಭಯ ನ್ಯಾಯವಾದದ್ದೇ. ಆದರೆ ಏನೋ ಆಗಿದೆ ಎಂದು ಹೇಳುವುದು ಮಗುವಿನ ಊಟ, ನಿದ್ದೆ, ಶಾಲೆಗೆ ಹೋಗಲು ಹಿಂಜರಿಯುವ ಕಾಲು. ಅವು ಬದಲಾದರೆ ಬಾಯಿಬಿಟ್ಟು ಕೇಳಿ, ಹೇಳುವವರೆಗೂ ಪಕ್ಕದಲ್ಲಿ ಇರಿ. ಯಾರಾದರೂ ಹಿಂಸಿಸುತ್ತಿದ್ದಾರೆ ಎಂಬ ಸಂಶಯವಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ.

ಹಾಗಾದರೆ ನಾವು ಮಾಡುವುದು ಏನೂ ಇಲ್ಲವೇ ಎಂದು ಕೇಳಿದರೆ, ಬೇಕಾದಷ್ಟಿದೆ ಎನ್ನುತ್ತೇನೆ. ಮೊದಲನೆಯದು ಪುಸ್ತಕ. ಓದುವ ಮಗುವಿನ ಹಸಿವು ಪಾಲಕರು ಎಣಿಸಿದ್ದಕ್ಕಿಂತ ದೊಡ್ಡದು. ಒಂದು ಪುಸ್ತಕ ಕೊಡಿಸಿ ಬೇಸಿಗೆ ರಜೆ ಕಳೆಯಲಿ ಎಂದರೆ ಅದು ಎರಡು ದಿನಕ್ಕೆ ಮುಗಿದಿರುತ್ತದೆ. ಕೊಂಡು ಪೂರೈಸಲು ಆಗದು, ಆದ್ದರಿಂದ ಗ್ರಂಥಾಲಯ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ಮಕ್ಕಳ ದಿನದಂದು ಸರ್ಕಾರ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರು ಮಾಡಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ನನ್ನನ್ನು ಕೇಳುವ ಹತ್ತು ಪಾಲಕರಲ್ಲಿ ಒಬ್ಬರಿಗಾದರೂ ಇದು ಗೊತ್ತಿದ್ದರೆ ಹೆಚ್ಚು. ಮಗುವಿನ ಕೈ ಹಿಡಿದು ಹೋಗಿ, ಹೆಸರು ಬರೆಸಿ, ಯಾವ ಪುಸ್ತಕ ಎಂಬುದನ್ನು ಅದಕ್ಕೇ ಬಿಡಿ. ಮೊಬೈಲ್ ಹೇಗೂ ಕೈಯಲ್ಲಿದೆ ಎನ್ನುವವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಜಾಲತಾಣ ಇದೆ. ಚಿತ್ರಗಳಿರುವ ಕನ್ನಡ ಕಥೆಗಳು ಅಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಓದಿದ ಪುಸ್ತಕವನ್ನೇ ಮತ್ತೆ ಓದುತ್ತಾಳೆ ಎಂದು ದೂರಬೇಡಿ. ಎರಡನೆಯ ಓದಿನಲ್ಲಿ ಕಥೆ ಮೊದಲೇ ಗೊತ್ತಿರುವುದರಿಂದ ಕಣ್ಣು ವಾಕ್ಯದ ಮೇಲೆ ಬೀಳುತ್ತದೆ. ಬರೆಯುವುದನ್ನು ಮಕ್ಕಳು ಕಲಿಯುವುದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ಎರಡನೆಯದು ಕಿವಿ. ಭೀಮಾ ನದಿಯ ಕಡೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಕವಿ ಮಧುರಚೆನ್ನರು ಮತ್ತು ಅವರ ಗೆಳೆಯರು ಮಾಡಿದ ಕೆಲಸವನ್ನು ನಮ್ಮ ಜಿಲ್ಲೆಯ ಪ್ರತಿ ಮಗುವಿಗೂ ಹೇಳಬೇಕು. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಅವರು ಕೇಳಿ ಬರೆದುಕೊಂಡರು. 1931ರಲ್ಲಿ ಅವು ‘ಗರತಿಯ ಹಾಡು’ ಎಂಬ ಪುಸ್ತಕವಾದವು. ಅಕ್ಷರ ಬಾರದ ಹೆಂಗಸರು ಕಟ್ಟಿದ ಕಾವ್ಯ ಅದು, ಯಾರೋ ಗಮನ ಕೊಟ್ಟು ಕೇಳಿದ್ದರಿಂದ ನಮಗೆ ಉಳಿಯಿತು. ಇಂದು ಏನು ಬರೆಯಲಿ ಎಂದು ಕೇಳುವ ಮಗುವಿಗೆ ನಾನು ವಿಷಯ ಕೊಡುವುದಿಲ್ಲ. ಇವತ್ತು ಯಾರಾದರೂ ಹೇಳಿದ ಒಂದು ಮಾತನ್ನು, ಅವರು ಹೇಳಿದಂತೆಯೇ ಬರೆದಿಡು ಎನ್ನುತ್ತೇನೆ. ನಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ಕಡೆಯ ಒಬ್ಬ ಹುಡುಗಿ, ನಿಂಬೆಯ ತೋಟದವರ ಮಗಳು, ವ್ಯಾಪಾರಿಯೊಡನೆ ದರ ಮುರಿಯುವಾಗ ಅಪ್ಪ ಆಡುವ ಮಾತುಗಳನ್ನು ಹೀಗೆ ಬರೆದಿಡುತ್ತಿದ್ದಳು. ದರ ಬಿದ್ದ ದಿನ ಅಪ್ಪ ಕಡಿಮೆ ಮಾತನಾಡುತ್ತಾರೆ ಎಂಬುದನ್ನು ಅವಳು ಎಲ್ಲಿಯೂ ಬರೆದಿರಲಿಲ್ಲ. ಆ ದಿನಗಳ ಪುಟದಲ್ಲಿ ಸಾಲುಗಳು ಕಡಿಮೆ, ಅಷ್ಟೇ.

ಮೂರನೆಯದು ಹೇಳಲೇಬೇಕಾದದ್ದು. ಮಕ್ಕಳ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಪರೀಕ್ಷೆ ಮುಗಿಯುವುದೇ ತಡ, ಏಪ್ರಿಲ್‌ನಲ್ಲಿ ನೋಟ್‌ಬುಕ್ಕುಗಳು ಕಟ್ಟುಕಟ್ಟಾಗಿ ತಕ್ಕಡಿ ಏರುತ್ತವೆ. ಅವುಗಳ ಜೊತೆ ಕೊನೆಯ ಪುಟದ ಕಥೆಗಳೂ, ಕವಿತೆಗಳೂ ಹೋಗುತ್ತವೆ. ಫ.ಗು. ಹಳಕಟ್ಟಿಯವರು ಬದುಕಿ ದುಡಿದ ಊರು ನಮ್ಮದು. ವೃತ್ತಿಯಿಂದ ವಕೀಲರಾಗಿದ್ದ ಅವರು ಮನೆಯಿಂದ ಮನೆಗೆ ಅಲೆದು ವಚನಗಳ ಓಲೆಗರಿಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರತಂದರು, 1925ರಲ್ಲಿ ಇಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ. ಅಷ್ಟೆಲ್ಲ ಸಾಧ್ಯವಾದದ್ದು, ದೇವರ ಜಗಲಿಯ ಮೇಲೋ ಪೆಟ್ಟಿಗೆಯಲ್ಲೋ ಆ ಕಟ್ಟುಗಳನ್ನು ಇಟ್ಟುಕೊಂಡಿದ್ದ ಮನೆಗಳಿದ್ದುದರಿಂದ. ಅವರಲ್ಲಿ ಹಲವರಿಗೆ ಒಳಗೇನಿದೆ ಎಂಬುದು ತಿಳಿದಿರಲಿಲ್ಲ, ಆದರೂ ಎಸೆಯಲಿಲ್ಲ. ಮಗಳ ಡೈರಿಯ ಮಟ್ಟಿಗೆ ತಾಯಿಯ ಕೆಲಸವೂ ಅದೇ. ಮಳೆ ತಾಗದ, ಗೆದ್ದಲು ಹತ್ತದ ಒಂದು ಪೆಟ್ಟಿಗೆ ಕೊಡಿ.

ಯಾವ ಡೈರಿ ಕೊಡಿಸಬೇಕು ಎಂದೂ ಕೇಳುತ್ತಾರೆ. ಹೊಸ ವರ್ಷಕ್ಕೆ ಬ್ಯಾಂಕಿನವರೋ ಗೊಬ್ಬರದ ಅಂಗಡಿಯವರೋ ಕೊಡುವ, ತಾರೀಕು ಅಚ್ಚಾದ ಡೈರಿ ಬೇಡ. ನಾಲ್ಕು ದಿನ ಬಿಟ್ಟುಹೋದರೆ ಆ ಖಾಲಿ ಪುಟಗಳನ್ನು ಕಂಡು ಮಗು ಮತ್ತೆ ಅದನ್ನು ತೆರೆಯುವುದಿಲ್ಲ. ಗೆರೆ ಹಾಕಿದ ಸಾದಾ ನೋಟ್‌ಬುಕ್ ಸಾಕು. ಬರೆದ ದಿನ ತಾರೀಕು ಹಾಕುವುದನ್ನು ಮಾತ್ರ ಅಭ್ಯಾಸ ಮಾಡಿಸಿ.

ಇನ್ನು, ಬರೆದದ್ದನ್ನು ಪತ್ರಿಕೆಗೆ ಕಳುಹಿಸಬಹುದೆ ಎಂಬ ಪ್ರಶ್ನೆ. ಡೈರಿಯನ್ನಲ್ಲ. ಆದರೆ ಅದರಿಂದ ಒಂದು ಘಟನೆಯನ್ನು ತಾನೇ ಆರಿಸಿ, ಬೇರೆಯವರು ಓದಲೆಂದು ಮತ್ತೆ ಬರೆದರೆ ಅಗತ್ಯವಾಗಿ ಕಳುಹಿಸಿ. ಆನ್ ಫ್ರಾಂಕ್ ಕೂಡ ಹಾಗೆಯೇ ಮಾಡಿದಳು. ಯುದ್ಧಕಾಲದ ಡೈರಿಗಳನ್ನು ಜೋಪಾನವಾಗಿ ಇಡಿ ಎಂದು 1944ರ ಮಾರ್ಚ್‌ನಲ್ಲಿ ಡಚ್ ಮಂತ್ರಿಯೊಬ್ಬರು ರೇಡಿಯೊದಲ್ಲಿ ಹೇಳಿದ್ದನ್ನು ಕೇಳಿದ ಮೇಲೆ, ತನ್ನ ಡೈರಿಯನ್ನು ಬಿಡಿ ಹಾಳೆಗಳ ಮೇಲೆ ತಿದ್ದಿ ಮತ್ತೆ ಬರೆಯಲು ಕೂತಳು. ಹಾಗೆ ಮತ್ತೆ ಬರೆಯುವಾಗ ಮಗು ಕೇಳಿದರೆ ನೀವು ಕಾಗುಣಿತ ತಿದ್ದಿಕೊಡಬಹುದು. ವಾಕ್ಯ ತಿದ್ದಬೇಡಿ, ನಡುವೆ ನಿಮ್ಮದೊಂದು ನೀತಿಯ ಮಾತನ್ನು ಸೇರಿಸಬೇಡಿ. ಕನ್ನಡ ಪತ್ರಿಕೆಗಳಲ್ಲಿ ಮಕ್ಕಳಿಗೆಂದು ಪುಟಗಳಿವೆ, ಯಾವುದಕ್ಕೆ ಕಳುಹಿಸಬೇಕೆಂದು ಅವಳೇ ಓದಿ ನೋಡಿ ನಿರ್ಧರಿಸಲಿ. ವಿಳಾಸವನ್ನೂ ಅವಳೇ ಬರೆಯಲಿ. ಪ್ರಕಟವಾಗದಿದ್ದರೆ ಇನ್ನೊಂದನ್ನು ಕಳುಹಿಸಲಿ. ಅಂಚೆಯ ಖರ್ಚು ನೀವು ಕೊಡಿ.