ಅಗ್ಗದ ಕಾಂಬೋ ಮತ್ತು ಕಲಬುರಗಿಯ ಮೇ ತಿಂಗಳು

ನಮ್ಮ ಕಡೆ ಕೂಲರ್ ಎಂದರೆ ಕಿಟಕಿಗೆ ಆನಿಸಿ ನಿಲ್ಲಿಸುವ, ನೀರು ತುಂಬಿಸಿದ ತಗಡಿನ ಡಬ್ಬಿ. ಆದ್ದರಿಂದ ಒಂದು ಮೇ ತಿಂಗಳ ಮಧ್ಯಾಹ್ನ ನಾನು "ಈ ಕೂಲರ್ ಸಾಲುವುದಿಲ್ಲ" ಎಂದು ಗೊಣಗಿದಾಗ ಮನೆಯವರು ಅದರ ಹುಲ್ಲು ಬದಲಿಸುವ ಮಾತನ್ನು ತೆಗೆದರು. ನಾನು ಹೇಳಿದ್ದು ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಚಿಪ್ಪಿನ ಮೇಲೆ ಕುಳಿತಿರುವ, ಅಂಗೈಯಗಲದ ಫ್ಯಾನ್ ಇರುವ ಕೂಲರ್ ಬಗ್ಗೆ. ಕೊನೆಗೆ ನೋಡಿದರೆ ಅವರು ಹೇಳಿದ್ದೇ ಹೆಚ್ಚು ಸರಿಯಾಗಿತ್ತು, ಆ ಮಾತಿಗೆ ಆಮೇಲೆ ಬರುತ್ತೇನೆ.

ಪ್ರೊಸೆಸರ್ ಮತ್ತು ಅದನ್ನು ಕೂರಿಸುವ ಮದರ್‌ಬೋರ್ಡನ್ನು ಜೋಡಿಯಾಗಿ, ಅಂದರೆ ಅಂಗಡಿಯವರ ಮಾತಿನಲ್ಲಿ ಕಾಂಬೋ ಆಗಿ, ಕೊಳ್ಳುವ ಚಟ ನನಗೆ ಹಳೆಯದು. 2008ರಲ್ಲಿ, ಊರಿನ ಹೆಸರು ಇನ್ನೂ ಗುಲ್ಬರ್ಗಾ ಆಗಿದ್ದಾಗ, ಇಂಟೆಲ್‌ನ ಪೆಂಟಿಯಂ ಡ್ಯುಯಲ್-ಕೋರ್ ಇ2160 ಮತ್ತು ಜಿ31 ಚಿಪ್‌ಸೆಟ್‌ನ (ಬೋರ್ಡನ್ನು ನಿಯಂತ್ರಿಸುವ ಚಿಪ್ಪುಗಳ) ಒಂದು ಸಾಧಾರಣ ಬೋರ್ಡನ್ನು ತಂದಿದ್ದೆ. ಆ ಪ್ರೊಸೆಸರ್‌ನ ವೇಗ 1.8 ಗಿಗಾಹರ್ಟ್ಸ್, ಅಂದರೆ ಬಸ್ಸಿನ (ಬೋರ್ಡು ಪ್ರೊಸೆಸರ್‌ಗೆ ಕೊಡುವ ಮೂಲ ಗಡಿಯಾರದ) 200 ಮೆಗಾಹರ್ಟ್ಸನ್ನು 9ರ ಗುಣಕದಿಂದ ಗುಣಿಸಿದಷ್ಟು. ಬೋರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ 200 ಇದ್ದುದನ್ನು 266 ಮಾಡಿದೆ. ಯಂತ್ರ ಒಂದು ಮಾತೂ ಆಡದೆ 2.4 ಗಿಗಾಹರ್ಟ್ಸ್‌ನಲ್ಲಿ ಓಡಿತು. ಮೂರನೆಯ ಒಂದು ಭಾಗದಷ್ಟು ವೇಗ ಪುಕ್ಕಟೆಯಾಗಿ ಸಿಕ್ಕಿತ್ತು. ಕಂಪನಿ ಗೊತ್ತುಮಾಡಿದ್ದಕ್ಕಿಂತ ವೇಗವಾಗಿ ಹೀಗೆ ಓಡಿಸುವುದಕ್ಕೇ ಓವರ್‌ಕ್ಲಾಕ್ ಎನ್ನುತ್ತಾರೆ. ನನಗಿಂತ ಹಿರಿಯರು 1998ರ ಸೆಲೆರಾನ್ 300ಎಯನ್ನು ಇಂದಿಗೂ ನೆನೆಯುತ್ತಾರೆ. ಅದರ ಬಸ್ಸನ್ನು 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ಕ್ಕೆ ಜಿಗಿಯುತ್ತಿತ್ತು.

ಆ ಕಾಲ ಈಗಿಲ್ಲ. ಇಂದಿನ ಪ್ರೊಸೆಸರ್‌ಗಳು ಉಷ್ಣಾಂಶ ಮತ್ತು ವಿದ್ಯುತ್ತಿನ ಮಿತಿಯನ್ನು ನೋಡಿಕೊಂಡು ತಾವೇ ಬೂಸ್ಟ್ ಆಗುತ್ತವೆ, ಅಂದರೆ ವೇಗ ಏರಿಸಿಕೊಳ್ಳುತ್ತವೆ, ಹಾಗಾಗಿ ನಮ್ಮ ಪಾಲಿಗೆಂದು ಕಂಪನಿಯವರು ಉಳಿಸಿರುವುದು ಪಾತ್ರೆಯ ತಳದ ಗಟ್ಟಿ ಮಾತ್ರ. ಹೀಗಿದ್ದೂ ಎರಡು ವರ್ಷದ ಹಿಂದೆ ಹಳೆಯ ಯಂತ್ರ ಕೈಕೊಟ್ಟಾಗ, ಹತ್ತು ಸಾವಿರ ರೂಪಾಯಿಯೊಳಗೆ ಒಂದು ಕಾಂಬೋ ಹುಡುಕಿ ಅದನ್ನು ಎಳೆದಾಡಿ ನೋಡಬೇಕೆಂಬ ಆಸೆ ಮತ್ತೆ ಚಿಗುರಿತು.

ಮೊದಲು ಊರಲ್ಲೇ ವಿಚಾರಿಸಿದೆ. ಒಂದು ಅಂಗಡಿಯಲ್ಲಿ ಎಚ್61 ಬೋರ್ಡಿನ ಜೊತೆಗೆ 2012ರ ಕೋರ್ ಐ5-3470 ಇಟ್ಟು, "ಐ ಫೈವ್ ಅದರಿ ಸರ, ಏನ್ ಬೇಕಾದ್ದು ಓಡ್ತದ" ಎಂದರು. ಐ5 ಎಂಬುದು ನಿಜವೇ, ಆದರೆ ಆ ತಲೆಮಾರಿನ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಇನ್ನೊಂದು ಕಡೆ ಎಎಂಡಿ ಕಂಪನಿಯ ರೈಜನ್ 5 3600 ಪ್ರೊಸೆಸರ್ ತೋರಿಸಿದರು, ನನ್ನ ಕಣ್ಣರಳಿತು. ಬೋರ್ಡಿನ ಪೆಟ್ಟಿಗೆಯ ಮೇಲೆ ಮಾತ್ರ ಎ320 ಎಂಬ ಚಿಪ್‌ಸೆಟ್‌ನ ಹೆಸರಿತ್ತು. ಓವರ್‌ಕ್ಲಾಕ್ ಆಗುತ್ತದೆಯೇ ಎಂದು ಕೇಳಿದ್ದಕ್ಕೆ "ರೈಜನ್ ಎಲ್ಲಾ ಅನ್‌ಲಾಕ್ ಇರ್ತಾವ್ರಿ" ಎಂಬ ಉತ್ತರ ಬಂತು. ಇದು ಅರ್ಧ ಸತ್ಯ. ಎಎಂ4 ಎಂಬ ಸಾಕೆಟ್ಟಿನಲ್ಲಿ, ಅಂದರೆ ಬೋರ್ಡಿನ ಗೂಡಿನಲ್ಲಿ, ಕೂರುವ ರೈಜನ್‌ಗಳ ಗುಣಕ ಸಾಮಾನ್ಯವಾಗಿ ತೆರೆದಿರುತ್ತದೆ, ಆದರೆ ಅದನ್ನು ತಿರುಗಿಸಲು ಬೋರ್ಡಿನ ಚಿಪ್‌ಸೆಟ್ ಬಿಡಬೇಕು; ಬಿ350, ಬಿ450, ಬಿ550 ಮತ್ತು ಎಕ್ಸ್ ಸಾಲಿನವು ಬಿಡುತ್ತವೆ, ಎ320 ಮತ್ತು ಎ520 ಬಿಡುವುದಿಲ್ಲ. ಇಂಟೆಲ್‌ನಲ್ಲಿ ಬಿಗಿ ಇನ್ನೂ ಹೆಚ್ಚು: ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಕೆ' ಇರಬೇಕು, ಬೋರ್ಡು ಝಡ್ ಚಿಪ್‌ಸೆಟ್‌ನದಾಗಿರಬೇಕು, ಮತ್ತು ಆ ಎರಡೂ ಸೇರಿದರೆ ಅದು ಅಗ್ಗದ ಕಾಂಬೋ ಆಗಿ ಉಳಿಯುವುದಿಲ್ಲ.

ಕೊನೆಗೆ ಬೆಳಗಿನ ರೈಲು ಹಿಡಿದು, ವಾಡಿ, ತಾಂಡೂರು ದಾಟಿ ಕಂಪ್ಯೂಟರ್ ಅಂಗಡಿಗಳಿರುವ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್‌ಗೆ ಹೋದೆ. ಅಲ್ಲಿ ಸೆಕೆಂಡ್ ಹ್ಯಾಂಡ್ 3600 ಮತ್ತು ಬಿ450 ಬೋರ್ಡು ಒಟ್ಟಿಗೆ ಒಂಬತ್ತೂವರೆ ಸಾವಿರಕ್ಕೆ ಸಿಕ್ಕವು. ಬಿಡಿಬಿಡಿಯಾಗಿ ಕೊಂಡಿದ್ದರೆ ಐನೂರು ರೂಪಾಯಿ ಉಳಿಯುತ್ತಿತ್ತೇನೋ, ಆದರೆ ಜೋಡಿಯಾಗಿ ಕೊಳ್ಳುವುದರಲ್ಲಿ ಒಂದು ದೊಡ್ಡ ಸಮಾಧಾನವಿದೆ. ಬಿ450 ಬೋರ್ಡುಗಳು ಮಾರುಕಟ್ಟೆಗೆ ಬಂದದ್ದು 2018ರಲ್ಲಿ, 3600 ಬಂದದ್ದು 2019ರ ಜುಲೈನಲ್ಲಿ. ಹಳೆಯ ಬಯೋಸ್ ಉಳಿದಿರುವ ಬೋರ್ಡಿಗೆ ಈ ಪ್ರೊಸೆಸರ್ ಹಾಕಿದರೆ ಪರದೆ ಕಪ್ಪಾಗಿಯೇ ಇರುತ್ತದೆ, ಬಯೋಸ್ ಏರಿಸೋಣವೆಂದರೆ ಅನೇಕ ಬೋರ್ಡುಗಳಲ್ಲಿ ಅದಕ್ಕೂ ಒಂದು ಹಳೆಯ ಪ್ರೊಸೆಸರ್ ಬೇಕು, ಮತ್ತು ಕಲಬುರಗಿಯಲ್ಲಿ ಅದನ್ನು ಒಂದು ದಿನದ ಮಟ್ಟಿಗೆ ಯಾರ ಹತ್ತಿರ ಕೇಳುವುದು? ಎದುರಿಗೇ ಓಡಿಸಿ ತೋರಿಸಿದ ಜೋಡಿಗೆ ಈ ಪೀಕಲಾಟವಿಲ್ಲ.

ಓಡಿಸಿ ತೋರಿಸಿದ ಮೇಲೆ ಅಂಗಡಿಯ ಹುಡುಗ ಕೂಲರನ್ನು ಕಿತ್ತ ರೀತಿ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದೆ. ಪ್ರೊಸೆಸರ್‌ನ ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿತ್ತು, ಬಿಡಲಿಲ್ಲ; ಅವನು ಬಾವಿಯಿಂದ ಕೊಡ ಎಳೆದಂತೆ ನೆಟ್ಟಗೆ ಎಳೆದ; ಸಾಕೆಟ್ಟಿನ ಸನ್ನೆಕೋಲು ಮುಚ್ಚಿದ್ದಂತೆಯೇ ಪ್ರೊಸೆಸರ್ ಕೂಲರಿನ ತಳಕ್ಕೆ ಅಂಟಿಕೊಂಡು ಮೇಲೆ ಬಂತು. ಎಎಂ4ರಲ್ಲಿ 1331 ಪಿನ್ನುಗಳೂ ಇರುವುದು ಪ್ರೊಸೆಸರ್‌ನ ಹೊಟ್ಟೆಯಲ್ಲಿ. ಮೂಲೆಯ ಮೂರು ಪಿನ್ನುಗಳು ಗಾಳಿಗೆ ಮಲಗಿದ ಜೋಳದ ದಂಟಿನಂತೆ ವಾಲಿದ್ದವು. ಸೀಸದ ಕಡ್ಡಿ ತೆಗೆದ ಪೆನ್ ಪೆನ್ಸಿಲ್ಲಿನ ತುದಿಯ ಕೊಳವೆಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು, ನಾನೇ ನೆಟ್ಟಗೆ ಮಾಡಿದೆ. ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಕೂಲರನ್ನು ಎಡಬಲಕ್ಕೆ ಮೆಲ್ಲನೆ ತಿರುಚಿ ತೆಗೆದರೆ ಈ ಪ್ರಮಾದ ಆಗುವುದಿಲ್ಲ.

ಬೋರ್ಡಿನಲ್ಲಿ ನಾನು ಸರಿಯಾಗಿ ನೋಡದೆ ಬಿಟ್ಟದ್ದು ವಿಆರ್‌ಎಂ, ಅಂದರೆ ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ಚಿಲ್ಲರೆ ವೋಲ್ಟಿಗೆ ಇಳಿಸುವ, ಸಾಕೆಟ್ಟಿನ ಪಕ್ಕದ ಕಪ್ಪು ಚೌಕಗಳ ಸಾಲು. 3600ರ ಪೆಟ್ಟಿಗೆಯ ಮೇಲೆ 65 ವಾಟ್ ಎಂದಿದ್ದರೂ ಮೂಲ ಸ್ಥಿತಿಯಲ್ಲೇ ಅದಕ್ಕೆ 88 ವಾಟ್‌ವರೆಗೆ ಎಳೆಯಲು ಅನುಮತಿಯಿದೆ, 1.2 ವೋಲ್ಟಿನ ಲೆಕ್ಕದಲ್ಲಿ ಅದು 70 ಆಂಪಿಯರ್ ಮೀರುತ್ತದೆ. ಅಷ್ಟು ಕರೆಂಟು ಹರಿಯುವ ಆ ಚೌಕಗಳ ಮೇಲೆ ನನ್ನ ಬೋರ್ಡಿನಲ್ಲಿ ಒಂದು ಕಡೆ ಮಾತ್ರ ಲೋಹದ ಪಟ್ಟಿ ಇತ್ತು, ಇನ್ನೊಂದು ಕಡೆ ಬೋಳು. ಕಾಂಬೋದ ಬೆಲೆ ಇಳಿಯುವುದು ಬಹುತೇಕ ಇಲ್ಲಿಯೇ, ಮತ್ತು ಇದನ್ನು ಯಾವ ಅಂಗಡಿಯವರೂ ತಾವಾಗಿ ಹೇಳುವುದಿಲ್ಲ.

ಡಿಸೆಂಬರ್ ತಿಂಗಳಲ್ಲಿ ಕೆಲಸಕ್ಕೆ ಕುಳಿತೆ. ಕೋಣೆಯಲ್ಲಿ 23 ಡಿಗ್ರಿ, ಕಾಲಡಿಯ ಶಹಾಬಾದಿ ಫರಸಿ ತಣ್ಣಗೆ ಕೊರೆಯುತ್ತಿತ್ತು. ಗುಣಕವನ್ನು 25 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಏರಿಸುವುದು, ಪ್ರತಿ ಮೆಟ್ಟಿಲಲ್ಲಿ ಸಿನೆಬೆಂಚ್ ಎಂಬ ಪರೀಕ್ಷಾ ತಂತ್ರಾಂಶ ಓಡಿಸುವುದು, ಯಂತ್ರ ಬಿದ್ದರೆ ವೋಲ್ಟೇಜನ್ನು ಎಳ್ಳಷ್ಟು ಹೆಚ್ಚಿಸುವುದು, ಹೀಗೆ ಮೂರು ರಾತ್ರಿ ಕಳೆದವು. ಪ್ರೊಸೆಸರ್‌ನೊಳಗಿನ ಆರೂ ಕೋರುಗಳು, ಅಂದರೆ ಲೆಕ್ಕದ ಘಟಕಗಳು, 4.2 ಗಿಗಾಹರ್ಟ್ಸ್‌ನಲ್ಲಿ, 1.3 ವೋಲ್ಟಿನಲ್ಲಿ ನಿಂತವು. ಸಾವಿರದೈನೂರರ ಟವರ್ ಕೂಲರ್ ಕೆಳಗೆ ಉಷ್ಣಾಂಶ 76 ಡಿಗ್ರಿ. ನಾನು ಆ ಪರದೆಯ ಫೋಟೊ ತೆಗೆದು ನಾಲ್ಕು ಜನರಿಗೆ ಕಳಿಸಿ ನಿಶ್ಚಿಂತೆಯಿಂದ ಮಲಗಿದೆ.

ಮೇ ತಿಂಗಳ ಎರಡನೆಯ ವಾರ, ಮಧ್ಯಾಹ್ನ ಎರಡೂವರೆಗೆ, ಒಂದು ವಿಡಿಯೊ ರೆಂಡರ್ ಆಗುತ್ತಿದ್ದಾಗ ಪರದೆ ನೀಲಿಯಾಯಿತು. ಹೊರಗೆ 43 ಡಿಗ್ರಿ, ಕೋಣೆಯಲ್ಲಿ 40. ಪ್ರೊಸೆಸರ್ ಕೂಲರ್ ಎಷ್ಟೇ ಒಳ್ಳೆಯದಿದ್ದರೂ ಅದು ಮಾಡುವುದು ಕೋಣೆಯ ಗಾಳಿಗಿಂತ ಇಂತಿಷ್ಟು ಡಿಗ್ರಿ ಮೇಲೆ ಹಿಡಿದಿಡುವುದನ್ನು ಮಾತ್ರ. ಡಿಸೆಂಬರ್‌ನ 23ರ ಮೇಲೆ 53 ಸೇರಿ 76 ಆಗಿದ್ದರೆ, ಮೇ ತಿಂಗಳ 40ರ ಮೇಲೆ ಅದೇ 53 ಸೇರಿ 93. ಈ ಚಿಪ್ಪಿನ ಮಿತಿಯೇ 95. ಚಿಪ್ ಬಿಸಿಯಾದಷ್ಟೂ ಅದೇ ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಡುತ್ತದೆ, ಆದ್ದರಿಂದ ಚಳಿಗಾಲದ ರಾತ್ರಿಯಲ್ಲಿ ಸಾಕಾಗಿದ್ದ 1.3 ಈಗ ಸಾಲಲಿಲ್ಲ. ಪಕ್ಕದ ಬೀದಿಯ ಬೇಳೆ ಮಿಲ್ಲಿನಿಂದ ತೇಲಿಬಂದ ತೊಗರಿಯ ಹೊಟ್ಟಿನ ಧೂಳು ಟವರಿನ ತಗಡುಗಳ ನಡುವೆ ಕಂಬಳಿಯಂತೆ ಕೂತಿದ್ದುದು ಬೇರೆ ಮಾತು.

ಮನೆಯವರ ಸಲಹೆಯಂತೆ ತಗಡಿನ ಕೂಲರಿಗೆ ಹೊಸ ಹುಲ್ಲು ಹಾಕಿಸಿದೆವು. ನಮ್ಮ ಒಣ ಹವೆಯಲ್ಲಿ ಅದು ಕೋಣೆಯನ್ನು ಎಂಟು ಡಿಗ್ರಿ ಇಳಿಸಿತು, ಪ್ರೊಸೆಸರ್ ಕೂಡ ಅಷ್ಟೇ ಇಳಿಯಿತು. ಐದು ಸಾವಿರದ ಪ್ರೊಸೆಸರ್ ಕೂಲರ್ ಹಾಕಿಸಿದ್ದರೂ ಅಷ್ಟು ಸಿಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಅದರ ಹಸಿ ಗಾಳಿ ನೇರವಾಗಿ ಕ್ಯಾಬಿನೆಟ್ಟಿನ ಮೇಲೆ ಬೀಳದಂತೆ ಮೇಜನ್ನು ಮಾತ್ರ ಸರಿಸಿದೆ.

ಆಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಚಿಪ್ ಉಣ್ಣುವ ವಿದ್ಯುತ್ತು ವೇಗಕ್ಕೆ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿ ಏರುತ್ತದೆ. ನನ್ನ ಚಿಪ್ 4.0 ಗಿಗಾಹರ್ಟ್ಸ್‌ಗೆ 1.175 ವೋಲ್ಟಿನಲ್ಲಿ ತೃಪ್ತಿಯಾಗಿರುತ್ತದೆ. ಅಲ್ಲಿಂದ 4.2ಕ್ಕೆ ಹೋಗುವುದೆಂದರೆ ನೂರಕ್ಕೆ 5ರಷ್ಟು ವೇಗಕ್ಕಾಗಿ ನೂರಕ್ಕೆ 28ರಷ್ಟು ಹೆಚ್ಚು ಬಿಸಿಯನ್ನು ಕೊಂಡುಕೊಂಡಂತೆ. ಅದಕ್ಕಿಂತ ರ‍್ಯಾಮಿನಲ್ಲಿ ಸಿಕ್ಕ ಲಾಭ ದೊಡ್ಡದು. ರೈಜನ್‌ನ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ರ‍್ಯಾಮಿನ ಗಡಿಯಾರಕ್ಕೆ ಹೆಜ್ಜೆ ಹಾಕುವುದರಿಂದ, 2666ರ ವೇಗದಲ್ಲಿ ಓಡುತ್ತಿದ್ದ 8 ಜಿಬಿಯ ಎರಡು ಕಡ್ಡಿಗಳನ್ನು 3200ಕ್ಕೆ ಏರಿಸಿದಾಗ ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಂಡಿತು, ಬಿಸಿಯೇನೂ ಹೇಳುವಷ್ಟು ಏರಲಿಲ್ಲ. ಆ ಕಡ್ಡಿಗಳನ್ನು 3600ರ ವೇಗಕ್ಕೆ ಏರಿಸಲೂ ಯತ್ನಿಸಿದೆ, ಯಂತ್ರ ಮೂರು ಸಲ ಮುಗ್ಗರಿಸಿತು, ಕೊನೆಗೆ ಬೋರ್ಡಿನ ಎರಡು ಸಿಎಂಒಎಸ್ ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿ ಬಯೋಸ್‌ನಲ್ಲಿ ಉಳಿಸಿದ್ದ ಸೆಟ್ಟಿಂಗುಗಳನ್ನೆಲ್ಲ ಅಳಿಸಬೇಕಾಯಿತು.

ಈಗ ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿಟ್ಟಿದ್ದೇನೆ. 'ಮೇ' ಎಂಬುದರಲ್ಲಿ 4.0, 1.175 ವೋಲ್ಟ್ ಮತ್ತು 3200ರ ರ‍್ಯಾಮ್. 'ಡಿಸೆಂಬರ್' ಎಂಬುದರಲ್ಲಿ ಆ ಹಳೆಯ 4.2 ಹಾಗೆಯೇ ಇದೆ. ದೀಪಾವಳಿ ಕಳೆದು ಫರಸಿ ತಣ್ಣಗಾದ ಮೇಲೆ ಒಂದೆರಡು ರಾತ್ರಿ ಅದನ್ನು ಓಡಿಸಿ, ಅಂಕಿ ನೋಡಿ, ಮತ್ತೆ ಮೊದಲಿನದಕ್ಕೆ ಮರಳುತ್ತೇನೆ.