ಐದು ಮಕ್ಕಳಿರುವ ಮನೆ ಇಷ್ಟು ಖಾಲಿ ಹೇಗೆ?

ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಐದು ಮಕ್ಕಳು ಸಾಲಾಗಿ ಕುಳಿತರೆ ಯಾರಾದರೊಬ್ಬರು ‘ಪಂಚಪಾಂಡವರು ಬಂದರು’ ಎನ್ನದೆ ಇರುವುದಿಲ್ಲ. ಐವರಲ್ಲಿ ಇಬ್ಬರು ಹುಡುಗಿಯರು ಎಂಬುದು ಆ ಮಾತಿಗೆ ಎಂದೂ ಅಡ್ಡಿಯಾಗಿಲ್ಲ. ನಾನೂ ನಗುತ್ತೇನೆ. ಅದು ಪ್ರಶ್ನೆಯಲ್ಲ, ಹಾಗಾಗಿ ಉತ್ತರವೂ ಬೇಕಿಲ್ಲ.

ಪ್ರಶ್ನೆ ಬರುವುದು ಮನೆಗೆ ಬಂದವರಿಂದ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಅಡಿಕೆ ತೋಟದ ಬದಿಯಲ್ಲಿ ನಡೆದು, ಜಗಲಿಯಲ್ಲಿ ಕುಳಿತು ನೀರು ಬೆಲ್ಲ ಮುಗಿಸಿದ ಮೇಲೆ ಅವರ ಕಣ್ಣು ಮೆಲ್ಲಗೆ ಚಾವಡಿಯತ್ತ ಹೋಗುತ್ತದೆ. ಅಲ್ಲಿ ಸೋಫಾ ಇಲ್ಲ, ಷೋಕೇಸು ಇಲ್ಲ. ಒಂದು ಉದ್ದದ ಬೆಂಚು, ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳು, ಗೋಡೆಯ ಗೂಟಗಳಲ್ಲಿ ಐದು ಶಾಲಾ ಚೀಲ. ‘ಐದು ಮಕ್ಕಳಿರುವ ಮನೆ ಇಷ್ಟು ಖಾಲಿ ಹೇಗೆ ಅಕ್ಕಾ?’ ಎನ್ನುತ್ತಾರೆ. ಕೆಲವರ ದನಿಯಲ್ಲಿ ಮೆಚ್ಚುಗೆ. ಕೆಲವರದ್ದರಲ್ಲಿ ಸಂಶಯ: ಅಡಿಕೆಗೆ ಧಾರಣೆ ಇದೆಯಲ್ಲ, ಇವರ ಹಣವೆಲ್ಲ ಎಲ್ಲಿ ಹೋಗುತ್ತದೆ ಎಂದು. ಬೆಂಗಳೂರಿನಿಂದ ಬಂದಿದ್ದ ನಾದಿನಿಯ ಮಗ ಇದಕ್ಕೆ ‘ಮಿನಿಮಲಿಸಂ’ ಎಂಬ ಹೆಸರಿದೆ ಎಂದು ತಿಳಿಸಿದ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, ‘ಅದಕ್ಕೆ ಮದ್ದು ಇದೆಯಾ?’ ಎಂದು ಕೇಳಿದರು.

ಸಿದ್ಧಾಂತ ಕೇಳಲು ಬಂದವರಿಗೆ ನನ್ನ ಉತ್ತರದಿಂದ ನಿರಾಸೆಯಾಗುತ್ತದೆ. ನಮ್ಮ ಮನೆಯಲ್ಲಿ ಯಾವುದು ಇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು ಮಳೆ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಬೆಂಗಳೂರಿನ ಮಳೆಯ ಮೂರು ಪಟ್ಟಿಗಿಂತ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿದು ಮುಗಿಯುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಮ್ಮ ಹಂಚಿನ ಮನೆಯೊಳಗೆ ಚರ್ಮದ ಬೆಲ್ಟಿಗೆ ಬೂಷ್ಟು, ಪುಸ್ತಕದ ರಟ್ಟಿಗೆ ಬೂಷ್ಟು, ದೇವರ ಫೋಟೋದ ಹಿಂಬದಿಗೂ ಬೂಷ್ಟು. ರಟ್ಟಿನ ಪೆಟ್ಟಿಗೆಯನ್ನು ನೆಲದಲ್ಲಿ ಹದಿನೈದು ದಿನ ಮರೆತರೆ ಒರಲೆ (ಗೆದ್ದಲು) ಅದನ್ನು ತನ್ನದೆಂದು ಬರೆಸಿಕೊಂಡಿರುತ್ತದೆ. ಮಳೆಗಾಲದಲ್ಲಿ ಮನೆಯ ಒಂದೊಂದು ವಸ್ತುವೂ ಒಂದೊಂದು ಕೂಸು. ಒರೆಸಬೇಕು, ಬಿಸಿ ತಾಗಿಸಬೇಕು, ಸೋರುವಲ್ಲಿಂದ ಎತ್ತಿ ಬೇರೆ ಕಡೆ ಮಲಗಿಸಬೇಕು. ಐದು ಕೂಸು ನನಗೆ ಸಾಕು.

ಇದು ತಲೆಗೆ ಹೊಕ್ಕದ್ದು ಹತ್ತು ವರ್ಷದ ಹಿಂದೆ. ಅವಳಿಗಳು, ಒಂದು ಹೆಣ್ಣು ಒಂದು ಗಂಡು, ಹುಟ್ಟಿ ಮೊದಲ ಮಳೆಗಾಲ. ಎರಡು ಕೂಸುಗಳೆಂಬ ಸಂಭ್ರಮದಲ್ಲಿ ನೆಂಟರು ಎಲ್ಲವನ್ನೂ ಎರಡೆರಡು ತಂದಿದ್ದರು: ಎರಡು ವಾಕರ್, ಎರಡು ಸೊಳ್ಳೆಪರದೆಯ ಹಾಸಿಗೆ, ಗಲ್ಫಿನಿಂದ ಬಂದ ಮೆತ್ತನೆಯ ಕರಡಿಗಳದ್ದೇ ಒಂದು ಗೋಣಿ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಆಟಿಯ ನಡುವೆ ಒಂದು ಮಧ್ಯಾಹ್ನ ಹುಡುಗ ಕರಡಿಯೊಂದರ ಕಿವಿ ಚೀಪುತ್ತಿದ್ದ. ಕಿತ್ತು ನೋಡಿದರೆ ಕಿವಿಯ ಹಿಂದೆ ಹಸಿರು ಬೂಷ್ಟು, ಪಾಚಿಯಷ್ಟು ದಪ್ಪ. ಕೋಪದಲ್ಲಿ ಕರಡಿಯನ್ನು ಬಚ್ಚಲ ಒಲೆಗೆ ತುರುಕಿದೆ. ಹಾಗೆ ಮಾಡಬಾರದಿತ್ತು. ಮೂರು ದಿನ ಸ್ನಾನದ ನೀರು ಕೂಡ ಸುಟ್ಟ ಪ್ಲಾಸ್ಟಿಕ್‌ ವಾಸನೆ ಹೊಡೆಯಿತು. ಉಳಿದವು ಮಳೆ ಬಿಟ್ಟ ಮೇಲೆ ಬೇರೆ ಬೇರೆ ಮನೆಗಳಿಗೆ ಹೋದವು.

ಅಂದಿನಿಂದ ಏನಾದರೂ ಕೊಳ್ಳುವ ಮೊದಲು ನಾನೂ ನನ್ನ ಯಜಮಾನರೂ ಬೆಲೆ ಕೇಳುವುದಕ್ಕಿಂತ ಮುಂಚೆ ‘ಇದನ್ನು ಆಟಿಯಲ್ಲಿ ಒರೆಸುವವರು ಯಾರು?’ ಎಂದು ಕೇಳಿಕೊಳ್ಳುತ್ತೇವೆ. ಹೆಸರು ಸಿಕ್ಕಿದರೆ ಕೊಳ್ಳುತ್ತೇವೆ. ಸಾಮಾನ್ಯವಾಗಿ ಸಿಗುವ ಹೆಸರು ನನ್ನದೇ ಆದ್ದರಿಂದ ಕೊಳ್ಳುವುದು ಕಡಿಮೆ.

ವಾಷಿಂಗ್ ಮೆಷಿನ್ ಇದೆ. ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡವರೂ ಇದ್ದಾರೆ. ಎಂಟು ಮಂದಿಯ ಬಟ್ಟೆಯನ್ನು ಕಲ್ಲಿಗೆ ಬಡಿದು ತೊಳೆದರೆ ಅದು ಸರಳ ಬದುಕಲ್ಲ, ಸೊಂಟನೋವು. ಆದರೆ ಬಟ್ಟೆಯ ಲೆಕ್ಕದಲ್ಲಿ ನಾವು ಮೊದಲು ಎಡವಿದ್ದೆವು. ಒಬ್ಬರಿಗೆ ಎರಡು ಜೊತೆ ಸಮವಸ್ತ್ರ ಸಾಕು, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ ಎಂದುಕೊಂಡಿದ್ದೆ. ಹೇಳಲು ಚೆನ್ನಾಗಿದೆ. ಆದರೆ ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1, ಶಾಲೆ ತೆರೆಯುವುದೂ ಸಾಮಾನ್ಯವಾಗಿ ಅಂದೇ. ದಪ್ಪ ಬಟ್ಟೆಯ ಚಡ್ಡಿ ಒಣಗಲು ಮೂರು ದಿನ ಬೇಕು. ಅಡುಗೆಮನೆಯ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ, ಹೊಗೆ ವಾಸನೆಯ ಮಕ್ಕಳನ್ನು ಒಂದು ವರ್ಷ ಶಾಲೆಗೆ ಕಳಿಸಿದೆ. ಮರುವರ್ಷ ಮೂರನೇ ಜೊತೆ ಹೊಲಿಸಿದೆವು.

ಬೇಸಗೆಯ ಲೆಕ್ಕ ಬೇರೆ. ನಮಗೆ ನೀರು ಕೊಡುವುದು ಗುಡ್ಡದ ಸುರಂಗ. ಕೆಂಪುಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ್ದು, ಒಬ್ಬ ಮನುಷ್ಯ ಹೋಗುವಷ್ಟು ಅಗಲ, ಅರುವತ್ತು ಕೋಲು ಉದ್ದ. ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಮಾವ ಇದ್ದಾಗ ಕೊರೆಸಿದ್ದು. ಇಲ್ಲಿಂದ ಹೆಚ್ಚು ದೂರವಿಲ್ಲದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಅವರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಮಾಡಿದ ಕತೆಯನ್ನು ಮಕ್ಕಳಿಗೆ ಹೇಳಿದ್ದೆ. ಅವಳಿಗಳು ಮರುದಿನವೇ ಹಿತ್ತಿಲಲ್ಲಿ ಒಂದು ಮೊಳ ಕೊರೆದು, ಕೈ ಬೊಬ್ಬೆ ಬಂದು ನಿಲ್ಲಿಸಿದರು. ಏಪ್ರಿಲಿನಲ್ಲಿ ನಮ್ಮ ಸುರಂಗದ ನೀರು ಪೆನ್ಸಿಲಿನಷ್ಟು ಸಪುರವಾಗುತ್ತದೆ. ಆಗ ಬಟ್ಟೆ, ಪಾತ್ರೆ ಎಷ್ಟು ಬೇಕು ಎಂಬುದಕ್ಕೆ ಯಾರ ಉಪದೇಶವೂ ಬೇಡ.

ಪಾತ್ರೆಯ ವಿಷಯ ಹೇಳಲೇಬೇಕು. ಹಿಂದೆ ನಮ್ಮಲ್ಲಿ ಮೂವತ್ತು ಸ್ಟೀಲ್ ಬಟ್ಟಲಿದ್ದವು. ಎಂಟು ಮಂದಿಗೆ ಮೂವತ್ತು ಬಟ್ಟಲಿದ್ದರೆ ರಾತ್ರಿಗೆ ತೊಳೆಯಲು ಮೂವತ್ತು ಬಟ್ಟಲಿರುತ್ತವೆ. ಇಪ್ಪತ್ತೆರಡನ್ನು ಅಟ್ಟಕ್ಕೆ ಏರಿಸಿದೆ. ಉಳಿದ ಎಂಟರ ಹಿಂಬದಿಯಲ್ಲಿ ಒಬ್ಬೊಬ್ಬರ ಹೆಸರಿನ ಮೊದಲ ಅಕ್ಷರ ಕೊರೆಸಿದೆ. ಉಂಡವರು ತೊಳೆದು ಕವುಚಿ ಹಾಕಬೇಕು. ತೊಳೆಯದಿದ್ದರೆ ಮುಂದಿನ ಹೊತ್ತು ಅದೇ ಬಟ್ಟಲು ಅಲ್ಲೇ ಕಾಯುತ್ತಿರುತ್ತದೆ. ನೆಂಟರು ಬಂದರೆ ಬಾಳೆಲೆ, ಉಂಡ ಮೇಲೆ ಎಲೆ ದನಕ್ಕೆ. ಈ ಒಂದು ಬದಲಾವಣೆಯಿಂದ ನನಗೆ ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕಿತು. ಇದನ್ನು ಬರೆಯುತ್ತಿರುವುದು ಆ ಮುಕ್ಕಾಲು ಗಂಟೆಯಲ್ಲಿ.

ಆದರೆ ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಹೊಕ್ಕರೆ ನನ್ನ ಮಾತೆಲ್ಲ ಸುಳ್ಳೆನಿಸುತ್ತದೆ. ಉಪ್ಪುಸೋಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಭರಣಿ ಎರಡು, ಮಿಡಿ ಉಪ್ಪಿನಕಾಯಿ ಮೂರು, ಡಬ್ಬಗಳಲ್ಲಿ ಹಲಸಿನ ಹಪ್ಪಳ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಹುಣಸೆಹುಳಿ, ಕುಚ್ಚಲಕ್ಕಿ. ತರಕಾರಿ ಇಲ್ಲದ ಶ್ರಾವಣದಲ್ಲಿ ಸೋಳೆ ತೆಗೆದು ಉಪ್ಪು ಬಿಡಿಸಿ ಪಲ್ಯ ಮಾಡಿದರೆ ಒಂದು ಹೊತ್ತು ಕಳೆಯಿತು. ಹಪ್ಪಳ ಮಾಡುವ ದಿನ ಎಂಟು ಮಂದಿಯೂ ಬೇಕು: ಒಬ್ಬರು ಸೋಳೆ ಬಿಡಿಸಲು, ಒಬ್ಬರು ಬೇಯಿಸಲು, ಗುದ್ದಲು ಒಬ್ಬರು, ಉಂಡೆ ಕಟ್ಟಲು ಚಿಕ್ಕವರು, ಒತ್ತಲು ಅತ್ತೆ, ಅಂಗಳದಲ್ಲಿ ಕಾಗೆ ಓಡಿಸಲು ಎಲ್ಲಕ್ಕಿಂತ ಕಿರಿಯವನು. ಅವನು ಕಾಗೆಗಿಂತ ಹೆಚ್ಚು ತಿನ್ನುತ್ತಾನೆ. ಇದು ಬೇಡ, ಅಂಗಡಿಯಿಂದ ತಂದರಾಯಿತು ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಇಲ್ಲಿ ಒರೆಸುವವರ, ಒಣಗಿಸುವವರ ಹೆಸರು ಎಂಟೂ ಸಿಗುತ್ತವಲ್ಲ.

ಅದಕ್ಕೇ, ‘ಹಿಂದಿನವರು ಎಷ್ಟು ಸರಳವಾಗಿದ್ದರು’ ಎಂದು ಯಾರಾದರೂ ಶುರು ಮಾಡಿದರೆ ನಾನು ಅತ್ತೆಯ ಅಟ್ಟ ತೋರಿಸುತ್ತೇನೆ. ಉರುಳಿ, ಕೊಪ್ಪರಿಗೆ, ಕಡಾಯಿ, ಮುಡಿ ಅಕ್ಕಿ ಇಡುತ್ತಿದ್ದ ಜಾಗ, ಹದಿನೆಂಟು ಮಣೆ. ಹಿಂದಿನವರ ಮನೆಯಲ್ಲಿ ಸಾಮಾನು ಬೇಕಾದಷ್ಟಿತ್ತು, ಅದನ್ನು ನೋಡಿಕೊಳ್ಳುವ ಕೈಗಳೂ ಬೇಕಾದಷ್ಟಿದ್ದವು. ಅತ್ತೆ ಈಗಲೂ ಹಾಲಿನ ಖಾಲಿ ಪ್ಯಾಕೆಟ್ ತೊಳೆದು ಹಗ್ಗಕ್ಕೆ ಸಿಕ್ಕಿಸುತ್ತಾರೆ. ಅಟ್ಟ ಅವರ ರಾಜ್ಯ, ನಾನು ಕೈ ಹಾಕುವುದಿಲ್ಲ.

ನಾವು ಬಿಸಾಡದ ಇನ್ನೊಂದು ವಸ್ತು ಕಾಗದಪತ್ರ. ಕಬ್ಬಿಣದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕನ್ನಡದ ಪತ್ರಗಳು ಅಡಿಯಲ್ಲಿ, 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ನಂತರದ ಮಲಯಾಳದ ಪತ್ರಗಳು ಮೇಲೆ. ಗಡಿಯಲ್ಲಿ ಬದುಕುವವರು ಕಾಗದ ಎಸೆಯುವ ಧೈರ್ಯ ಮಾಡಬಾರದು. ಶಾಲೆಯ ಪುಸ್ತಕದಲ್ಲಿ ಮಾತ್ರ ಇಟ್ಟೇ ಕೆಟ್ಟೆ. ಎರಡನೆಯವನ ಐದನೇ ತರಗತಿಯ ಪುಸ್ತಕಗಳಿಗೆ ಬೈಂಡ್ ಹಾಕಿ, ಕಹಿಬೇವು ಸೇರಿಸಿ, ಎರಡು ಆಟಿ ಒರೆಸಿ ಅವಳಿಗಳಿಗೆಂದು ಕಾದಿರಿಸಿದ್ದೆ. 2024ರಲ್ಲಿ ಕೇರಳದಲ್ಲಿ 1, 3, 5, 7, 9ನೇ ತರಗತಿಗಳ ಪಠ್ಯ ಬದಲಾಯಿತು, ಮರುವರ್ಷ 2, 4, 6, 8, 10ನೇ ತರಗತಿಗಳದ್ದು. ಕಟ್ಟು ಕಟ್ಟಾಗಿ ಗುಜರಿಗೆ ಹೋಯಿತು.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ಅಡಿಕೆಯವರಿಗೆ ಹಣ ತಿಂಗಳು ತಿಂಗಳು ಬರುವುದಿಲ್ಲ, ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿ, ಸುಲಿದು, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಹಾಕಿದ ದಿನ ಒಟ್ಟಿಗೆ ಬರುತ್ತದೆ. ಅಂದು ಜಗತ್ತೇ ಅಗ್ಗ ಎನಿಸುತ್ತದೆ. ಹಾಗಾಗಿ ಅಡಿಕೆ ಕೊಟ್ಟ ದಿನ ಬೇರೆ ಅಂಗಡಿಗೆ ಹೋಗದೆ ನೇರ ಬಸ್ಸು ಹತ್ತಬೇಕು. ಯಜಮಾನರು ಇದನ್ನು ಎರಡು ಸಲ ಮುರಿದಿದ್ದಾರೆ. ಒಮ್ಮೆ ತಂದದ್ದು ಹುಲ್ಲು ಕತ್ತರಿಸುವ ಯಂತ್ರ, ಅದು ಉಪಯೋಗಕ್ಕೆ ಬಂತು. ಇನ್ನೊಮ್ಮೆ ತಂದದ್ದರ ಮಾತೆತ್ತಬಾರದು ಎಂದು ಒಪ್ಪಂದವಾಗಿದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ದೊಡ್ಡವರ ಲೆಕ್ಕ. ದೊಡ್ಡ ಮಗಳಿಗೆ ಹದಿನಾಲ್ಕಾಗಿದ್ದಾಗ ಒಂದು ಸಂಜೆ, ಅವಳ ಖಾನೆಯಿಂದ ತಂಗಿ ಹೇಳದೆ ರಿಬ್ಬನ್ ತೆಗೆದಳೆಂದು ಜಗಳವಾಯಿತು. ‘ಹಂಚಿಕೊಂಡರೆ ಏನಾಯಿತು?’ ಎಂದೆ, ಅಮ್ಮಂದಿರು ಹೇಳುವ ಮಾತು. ಅವಳು ರಿಬ್ಬನ್ ನೆಲಕ್ಕೆ ಹಾಕಿ, ‘ಇಷ್ಟೇ ಸಾಕು ಎಂದು ನಿಶ್ಚಯಿಸಿದ್ದು ನೀನೂ ಅಪ್ಪನೂ. ನನ್ನನ್ನು ಯಾರು ಕೇಳಿದರು?’ ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಆರು ವರ್ಷದವಳಿದ್ದಾಗಿನಿಂದ ಅವಳಿಗಳಲ್ಲಿ ಒಬ್ಬರನ್ನು ಸೊಂಟದಲ್ಲಿ ಹೊತ್ತವಳು. ನಾನು ಒಂದನ್ನು ಎತ್ತಿದರೆ ಇನ್ನೊಂದನ್ನು ಎತ್ತುವವಳು ಅವಳೇ. ಸಾಮಾನು ಕಡಿಮೆ, ಆದ್ದರಿಂದ ಕೆಲಸ ಹಗುರ, ಕೆಲಸದವರೂ ಬೇಡ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆನಲ್ಲ, ಆ ಲೆಕ್ಕದಲ್ಲಿ ಅವಳ ಸೊಂಟ ಸೇರಿರಲೇ ಇಲ್ಲ. ಮಗು ಸರಳತೆಯನ್ನು ಆರಿಸಿಕೊಂಡಿರುವುದಿಲ್ಲ, ಅದರೊಳಗೆ ಹುಟ್ಟಿರುತ್ತದೆ. ನನಗೆ ನಿಶ್ಚಿಂತೆ ಎನಿಸಿದ ಖಾಲಿ ಚಾವಡಿ ಅವಳ ಗೆಳತಿಯರ ಎದುರು ಅವಳಿಗೆ ಬಡತನವಾಗಿ ಕಂಡಿರಬಹುದು.

ಅದಾದ ವಾರ ಅವಳಿಗೆ ಬೀಗವಿರುವ ಒಂದು ಸಣ್ಣ ಉಕ್ಕಿನ ಕಪಾಟು ತಂದೆವು. ಕೀಲಿಕೈ ಅವಳ ಹತ್ತಿರ ಮಾತ್ರ. ಭಾನುವಾರ ತಮ್ಮ ತಂಗಿಯರ ಜವಾಬ್ದಾರಿ ಅವಳದ್ದಲ್ಲ. ಒಳಗೆ ಏನಿದೆ ಎಂದು ಕೇಳುವುದಿಲ್ಲ. ಬಾಗಿಲು ಅರೆ ತೆರೆದಿದ್ದಾಗ ಕಣ್ಣಿಗೆ ಬಿದ್ದದ್ದಷ್ಟೇ: ಉಗುರಿನ ಬಣ್ಣದ ಹನ್ನೊಂದು ಸೀಸೆ. ಹನ್ನೊಂದು! ಆಟಿಯಲ್ಲಿ ಅವನ್ನು ಅವಳೇ ಒರೆಸಿಕೊಳ್ಳುತ್ತಾಳೆ. ಉಳಿದ ನಾಲ್ವರಿಗೂ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ ಒಂದೊಂದು, ಅದಕ್ಕೆ ಬೇರೆಯವರು ಕೈ ಹಾಕುವಂತಿಲ್ಲ. ಕಿರಿಯವನ ಡಬ್ಬದಲ್ಲಿ ಮಂಜೊಟ್ಟಿ ಮರದ ಕೆಂಪು ಕಾಳು, ಕೆಂಬೂತದ ಗರಿ, ಕೆಟ್ಟುಹೋದ ಟಾರ್ಚು. ಆ ಟಾರ್ಚು ನಾನು ಎರಡು ಸಲ ಗುಜರಿಗೆ ಹಾಕಿದ್ದೆ.

ಕೊನೆಗೆ ಚುಕ್ಕೆಗಳ ವಿಷಯ, ಇದನ್ನು ನೋಡಿದವರೆಲ್ಲ ಕೇಳುತ್ತಾರೆ. ಐವರ ಬಟ್ಟೆ ಒಟ್ಟಿಗೆ ಒಗೆದರೆ ಯಾರದ್ದು ಯಾವುದೆಂದು ತಿಳಿಯುವುದಿಲ್ಲ. ಆದ್ದರಿಂದ ಕೊರಳಪಟ್ಟಿಯ ಒಳಗೆ ಕೆಂಪು ನೂಲಿನಲ್ಲಿ ಚುಕ್ಕೆ ಹೊಲಿಯುತ್ತೇನೆ. ದೊಡ್ಡವಳಿಗೆ ಒಂದು, ಎರಡನೆಯವನಿಗೆ ಎರಡು, ಹೀಗೆ ಕಿರಿಯವನಿಗೆ ಐದು. ಇದರ ಸುಖವೇನೆಂದರೆ ಬಟ್ಟೆ ಕೆಳಗಿನವರಿಗೆ ಇಳಿದಾಗ ಹಳೆಯ ಗುರುತು ಬಿಚ್ಚಬೇಕಿಲ್ಲ, ಇನ್ನೊಂದು ಚುಕ್ಕೆ ಸೇರಿಸಿದರೆ ಸಾಕು. ಮಳೆಕೋಟೊಂದು ಒಂದರಿಂದ ಐದರವರೆಗೆ ಇಳಿದು ಬಂದಿತ್ತು. ಒಂದೊಂದು ಚುಕ್ಕೆಯ ಕೆಂಪೂ ಬೇರೆ, ಮೊದಲನೆಯದ್ದು ಬಿಸಿಲಿಗೂ ಸಾಬೂನಿಗೂ ಮಾಸಿ ಕಾವಿಯಂತಾಗಿತ್ತು.

ಆ ಕೋಟು ಈ ವರ್ಷ ಹೆಗಲಲ್ಲಿ ಹರಿಯಿತು. ಬದಿಯಡ್ಕದಿಂದ ಕಿರಿಯವನಿಗೆ ಹೊಸತು ತಂದು, ಅಭ್ಯಾಸಬಲದಿಂದ ಐದು ಚುಕ್ಕೆ ಹೊಲಿದು ಕೊಟ್ಟೆ. ಅವನು ಕೊರಳು ತಿರುಗಿಸಿ ಎಣಿಸಿದ.

‘ಇದು ಮೊದಲು ಯಾರದ್ದು?’

‘ನಿನ್ನದೇ. ಹೊಸತು.’

‘ಹಾಗಾದರೆ ನಾಲ್ಕು ಚುಕ್ಕೆ ಯಾರದ್ದು?’

ಬ್ಲೇಡು ತಂದು ನಾಲ್ಕನ್ನು ಬಿಚ್ಚಿದೆ. ಸಂಜೆ ಗೂಟದಲ್ಲಿ ತೂಗುತ್ತಿದ್ದ ಕೋಟಿನ ಕೊರಳು ನೋಡಿದ ದೊಡ್ಡವಳು, ‘ಒಂದು ಚುಕ್ಕೆ. ಅಂದರೆ ನನ್ನದು’ ಎಂದು ಕೈ ಚಾಚಿದಳು. ಅವನು ಅದನ್ನು ಕಿತ್ತುಕೊಂಡು, ಹಾಕಿಕೊಳ್ಳದೆಯೇ, ಮಳೆಗೆ ಓಡಿದ.